ಒಳಗಿನ ಐದು ನಟ್ಟು

ಹಲೋ... ಹಾಂ, ಯಾರ್ರಿ ಮಾತಾಡೂದು?... ಹೊಸಾ ನಂಬರ ಐತಿ, ಅದಕ್ಕ ಕೇಳಿದ್ನಿ. ಇರ್ಲಿ ಬಿಡ್ರಿ, ಸರಿಯಾದ ಜಾಗಾಕ್ಕ ಫೋನ್ ಹಚ್ಚೀರಿ. ಬೆಳಗಾವಿ ಆಟೋ ನಗರ, ಅಮರ ಮಿಸ್ತ್ರಿ. ಚಂದ್ರನ ಮ್ಯಾಲ ಒಂದು ಗಾಡಿ ಇಳೀತಲ್ರಿ, ಅದಕ್ಕ ಗಾಲಿ ಹಚ್ಚಿ ಕಳಿಸಿದಾಂವ ನಾನೇ! ಆರು ಗಾಲಿ, ಆರೂ ಈ ಕೈಲೇ ಬಿಗಿದದ್ದು. ಹೊಂಡೂ ಮುಂದ ದೊಡ್ಡ ದೊಡ್ಡ ಸಾಹೇಬ್ರು ಕೈ ಮುಗದು, ಮಿಸ್ತ್ರೀ, ನೀವೂ ಕುಂತು ಬರ್ರಿ ಅಂದ್ರು. ಇಲ್ಲಿ ಗಿರಾಕಿ ಕಾಯಾಕತ್ತಿದ್ರು, ಬ್ಯಾಡ್ರಿ ಅಂದ್ನಿ. ಹೇಳ್ರಿ, ನಿಮ್ಮದು ಯಾವ ಗಾಡಿ?...

ಅಯ್ಯ! ಅಕ್ಕಾ, ನೀನಾ?... ದನಿ ಗುರುತು ಸಿಗಲಿಲ್ಲ ನೋಡು. ಇದು ಯಾರ ಫೋನು?... ನಿನ್ನ ಕೂಡ ಅಡಗಿ ಮಾಡೂ ಸಾವಂತ್ರವ್ವಂದಾ. ಮತ್ತ ನಿಂದು?... ಕಟ್ಟಿನ ಸಾರಿನ ಪಾತೇಲ್ಯಾಗ ಬಿತ್ತಾ! ಹಹ್ಹಹ್ಹಾ... ಖಾನಾಪುರದ ದಾನೇಶ್ವರಿ ಕೈಯಾಗಿನ ಸಾರು ಅಂದ್ರ ಮೊದಲೇ ಹೆಸರಾಗಿತ್ತು, ಇನ್ನ ಅದು ರಿಂಗೂ ಆಗತೈತಿ!... ಆತು ಆತು, ನಗೂದಿಲ್ಲ. ಈ ಫೋನಿನ್ಯಾಗೂ ಚಾರ್ಜ್ ಇಲ್ಲಾ? ಹಂಗಾರ ಲಗೂ ಲಗೂ ಹೇಳು...

ಎಲ್ಲಿ ನಿಂತೀರಿ ಈಗ?... ಬೆಳಗಾವಿ ಕಡೆ ಬರೂ ದಾರ್ಯಾಗ, ರೈಲ್ವೆ ಗೇಟಿಗೆ. ಗೇಟ್ ಹಾಕ್ಯಾರ... ಹಾಂ, ಕುಬಸದ ಊಟ. ರವಿವಾರ ಪೇಟೆ ವ್ಯಾಪಾರಸ್ಥರ ಮನೀದು, ನೀ ಮೊನ್ನೇ ಹೇಳಿದ್ದಿ. ಬಸರಿ ಹೆಣ್ಮಗಳ ಮುಂದ ಹೊತ್ತಿಗೆ ಸರಿಯಾಗಿ ಎಲಿ ಹಾಕಬೇಕು, ತಡ ಆದ್ರ ಇನ್ನೊಮ್ಮೆ ಕರಿಯೂದಿಲ್ಲ, ಗೊತ್ತೈತಿ ಗೊತ್ತೈತಿ. ಯಾಕ ಅಂಜತೀ? ನಾ ಗಾಲಿಗೆ ಸ್ಪೇಸರ್ ಹಾಕಿದ ಗಾಡಿ ಅದು. ಗೇಟ್ ಎತ್ತಿದ್ರ ಸಾಕು, ಬೆಳಗಾವಿ ತಾನೇ ಎದ್ದು ಎದುರು ಬರತೈತಿ...

ಏನು ಸಪ್ಪಳಾ?... ಟಕ್ ಟಕ್?... ಅಕ್ಕಾ, ಅದು ಸಪ್ಪಳ ಅಲ್ಲ, ಹಾಡು! ಸ್ಪೇಸರ್ ಮೈಗೆ ಹೊಂದೂ ತನಕ ಗಾಡಿ ಹಾಡತೈತಿ. ಹೊಸಾ ಚಪ್ಪಲಿ ನಾಕು ದಿನ ಕಚ್ಚೂದಿಲ್ಲೇನು, ಹಂಗ. ಇಲ್ಲಿ ಒಬ್ಬರ ಗಾಡಿಗೆ ಹಾಕಿದ್ನಿ, ಅದರ ಹಾಡಿಗೆ ಎತ್ತು ತಲಿ ತೂಗಿದ್ವು...

ಮಾವ ಏನೋ ಅನ್ನಾಕತ್ತಾರಲ್ಲ ಬಾಜೂಕ?... 'ಇವನ ಮಾತು ಕೇಳಿ ಹಾಕಿಸಿದ್ದೇ ತಪ್ಪು' ಅಂತಾರಾ? ಕೇಳಿಸ್ತು ಬಿಡು, ನನಗ ಕೇಳಲಿ ಅಂತನೇ ಅಂದಾರ. ನಿನ್ನ ಗಂಡಗ ಹೇಳು, ಹದಿನೆಂಟು ವರ್ಷದ ಮುದುಕ ಪಿಕಪ್ ಅದು. ಅಗಲ ಟೈರ್ ಬೇಕು ಅಂದವರು ಯಾರು?... ಹೂಂ, ನಾನೇ ಅಂದ್ನಿ, ಆದ್ರ ಹೂಂ ಅಂದವರು ಯಾರು? ಅಗಲ ಟೈರ್ ಹಾಕಿದ ಮ್ಯಾಲ ಅದು ಒಳಗ ಕಮಾನಿನ ಪಟ್ಟಿಗೆ ಉಜ್ಜಾಕ ಹತ್ತಿತು. ಅದಕ್ಕ ಗಾಲಿ ಹಿಂದ ಎರಡು ಬೆರಳು ದಪ್ಪನ ಕಬ್ಬಿಣದ ಬಿಲ್ಲಿ ಕುಂದರಿಸಿ, ಗಾಲೀನ ಹೊರಗ ತಂದ್ನಿ. ಸ್ಪೇಸರ್ ಅಂದ್ರ ಅಷ್ಟೇ ಅಕ್ಕಾ. ಮೊದಲ ಪಾತೇಲಿ ತುಂಬಿಕೊಂಡು ತಿರುವಿನ್ಯಾಗ ಹೊಂಟ್ರ ಕುಡದವರಂಗ ತೂರಾಡತಿತ್ತು. ಈಗ ನೋಡು, ಪೈಲವಾನ ಕಾಲು ಅಗಲ ಮಾಡಿ ಗರಡ್ಯಾಗ ನಿಂತಂಗ ನಿಂತೈತಿ! ಹೌದಿಲ್ಲೋ?...

ಹಾಂ, ಹೇಳು. ಯಾವ ಕಡೆ ಬರತೈತಿ ಸಪ್ಪಳ?... ಎಡಕ್ಕ... ಮುಂದಿನ ಗಾಲಿನೋ ಹಿಂದಿಂದೋ?...

ಹಿಂದಿಂದು.

...

ಇಲ್ಲ, ಇದ್ದೀನಿ ಇದ್ದೀನಿ. ಲೈನ್ ಕಟ್ ಆಗಿಲ್ಲ. ನೀರು ಕುಡದ್ನಿ... ಯಾವಾಗಿಂದ ಐತಿ?... ನಿನ್ನೆ ಸಂಜೀಕ ಸಣ್ಣಗ ಇತ್ತು, ಇವತ್ತು ಜೋರಾಗೈತಿ. ಹಾಂ... ಬಲಕ್ಕ ಹೊಳ್ಳಿದಾಗ ಹೆಚ್ಚೋ, ಎಡಕ್ಕ ಹೊಳ್ಳಿದಾಗ ಹೆಚ್ಚೋ?... ಬಲಕ್ಕ. ಖಾತ್ರಿ ಐತೇನು?... ಗಾಡಿ ಹಿಂದ ಸೊಂಟ ಅಳ್ಳಾಡಿಸಿದಂಗ ಆಗತೈತಾ?... ಸಾವಂತ್ರವ್ವ ಹಂಗಂದ್ಲಾ?... ಅಕಿಗೆ ಹ್ಯಾಂಗ ಗೊತ್ತಾತು? ಮುಂದ ಕುಂತವರಿಗೆ ಅದು ತಿಳಿಯೂದಿಲ್ಲಲ್ಲ...

ಅಕಿ ಹಿಂದ ಕುಂತಾಳಾ?... ಇನ್ನಾ ಯಾರ್ಯಾರು ಅದಾರ ಹಿಂದ?... ರೊಟ್ಟಿ ಬಡಿಯೂ ಇಬ್ಬರು ಹೆಣ್ಮಕ್ಕಳು. ಪಾತೇಲಿ ಚೆಲ್ಲಬಾರದಂತ ಹಿಡಕೊಂಡು. ಹಾಂ, ಹಾಂ... ಮುಂದ ಮಾವ, ನೀನು... ನಡುವ ಯಾರು?...

ಅವ್ವ ಯಾಕ ಬಂದ್ಲು?... ಅಲ್ಲ, ಅವ್ವ ಯಾಕ ಬಂದ್ಲು ಅಂತ ಕೇಳಿದ್ನಿ! ಮೊಣಕಾಲು ಹಿಡದಾವು, ಅಂಗಳ ದಾಟಾಕ ಆಗವಲ್ದು ಅಂತಿದ್ಲಲ್ಲ... ಸೋಬಾನ ಹಾಡಾಕ ಕಾಶವ್ವನೇ ಬೇಕು ಅಂದ್ರಾ ಅವರು... ಸಿಟ್ಟಲ್ಲ ಅಕ್ಕಾ. ನಾ ಯಾಕ ಸಿಟ್ಟಾಗಲಿ?... ದನಿ ಏನೂ ನಡಗಾಕತ್ತಿಲ್ಲ, ಇಲ್ಲಿ ಬಾಜೂಕ ಗ್ರೈಂಡರ್ ನಡದೈತಿ, ಅದಕ್ಕ ಹಂಗ ಕೇಳಸತೈತಿ...

ಅಕ್ಕಾ, ನನ್ನದೊಂದು ಮಾತು ಕೇಳು. ಗೇಟ್ ಎತ್ತಿದ ಮ್ಯಾಲೂ ಮುಂದ ಹೋಗಬ್ಯಾಡ್ರಿ. ಗಾಡಿ ಬಾಜೂಕ ನಿಲ್ಲಿಸಿ, ಎಲ್ಲಾರೂ ಇಳದು ಚಾ ಕುಡೀರಿ. ನಾ ಬರತೀನಿ... ಯಾಕಂದ್ರ... ಯಾಕಂದ್ರ ಏನು, ಸುಮ್ಮನ ಒಮ್ಮೆ ನೋಡಿದಂಗಾತು ಅಂತ... ಇಲ್ಲ! ಹೋಳಿಗಿ ಆಶೇಕ್ಕ ಅಲ್ಲ!...

ಅದು ಹಳೀ ಮಾತು ಬಿಡು. ಹೋದ ಶ್ರಾವಣದಾಗ ಬ್ರೇಕ್ ಕೈಕೊಡತೈತಿ ಅಂತ ಫೋನ್ ಮಾಡಿ ನಿಮ್ಮನ್ನ ನಿಲ್ಲಿಸಿದ್ನಿ, ಖರೇ. ಬಂದು ಹತ್ತು ಹೋಳಿಗಿ ತಿಂದು, ಬ್ರೇಕ್ ಭಾಳ ಚಲೋ ಐತಿ ಅಂದ್ನಿ, ಅದೂ ಖರೇ... ಹನ್ನೆರಡಾ? ಸರಿ, ಹನ್ನೆರಡು. ನೀ ತುಪ್ಪಾನೂ ಲೆಕ್ಕ ಇಟ್ಟಿರತೀ. ಆದ್ರ ಇವತ್ತಿಂದು ಅದಲ್ಲ ಅಕ್ಕಾ, ಇವತ್ತಿಂದು ಬ್ಯಾರೆ...

ಏನು ಬ್ಯಾರೆ ಅಂದ್ರ, ಕೇಳು. ಆ ಗಾಲಿ ಬಿಚ್ಚಿತು ಅಂದ್ರ ಸೀದಾ ಗೋವಾಕ್ಕ ಹೋಗಿ ಸಮುದ್ರದಾಗ ಬೀಳತೈತಿ! ದಾರ್ಯಾಗ ಆ ರೈಲನ್ನೂ ಹಿಂದ ಹಾಕತೈತಿ! ಗಾಡಿ ಇಪ್ಪತ್ತು ಪಲ್ಟಿ ಹೊಡೀತೈತಿ, ಪಾತೇಲಿ ಹಾರಿ ಮಲಪ್ರಭಾ ಹೊಳಿ ತುಂಬ ಕಟ್ಟಿನ ಸಾರು ಹರೀತೈತಿ... ಯಾಕ ನಗತೀ?... ಅಲ್ಲ, ಎಲ್ಲಾರೂ ನಗಾಕತ್ತಾರಲ್ಲ! ಸ್ಪೀಕರ್ ಮ್ಯಾಲ ಹಾಕಿದ್ಯಾ?... ತಗೀ ಅದನ್ನ. ನಗೂ ಮಾತಲ್ಲ ಇದು. ಅಕ್ಕಾ, ತಗೀ ಅಂದ್ನಿ...

ಸುಡ್ಲಿ ನನ್ನ ಬಾಯಿ... ನಿನಗಲ್ಲ. ನನಗ ನಾನೇ ಅಂದ್ಕೊಂಡ್ನಿ...

ಮಾವ ಇಳದ್ರಾ? ಚಲೋ ಆತು. ಏನು ನೋಡಾಕತ್ತಾರ?... ಗಾಲಿ ನಟ್ಟು. ಪಾನಾ ಹಚ್ಚಿ ಎಳದು ನೋಡಿದ್ರಾ?... ಐದಕ್ಕ ಐದೂ ಬಿಗಿ. ಹಾಂ... ಬಿಳಿ ಗೆರಿನಾ? ಹೌದು, ನಾನೇ ಎಳದದ್ದು. ನಟ್ಟು ಬಿಗದ ಮ್ಯಾಲ ನಟ್ಟಿನಿಂದ ಗಾಲಿ ತನಕ ಒಂದು ಬಣ್ಣದ ಗೆರಿ ಎಳೀತೀವಿ. ನಟ್ಟು ಒಂದು ಕೂದಲೆಳಿ ತಿರುಗಿದ್ರೂ ಗೆರಿ ಮುರೀತೈತಿ, ನಿಂತು ನೋಡಿದ್ರ ಗೊತ್ತಾಗತೈತಿ... ಒಂದೂ ಮುರದಿಲ್ಲಾ? ನಮ್ಮೂರ ಮಠದ ಕಲ್ಲಯ್ಯಸ್ವಾಮಿ ಹಣಿ ಮ್ಯಾಲಿನ ವಿಭೂತಿ ಇದ್ದಂಗ ನೆಟ್ಟಗ ಐತಿ ಅಂತಾರಾ... ಹೂಂ. ಇರತೈತಿ. ಅವು ಚಲೋನೇ ಇರತಾವ ಅಕ್ಕಾ. ಅದೇ ತ್ರಾಸು...

ಹಾಂ?... ಏನಂದಿ?... ರೈಲು ಬಂತಾ?... ಕೇಳಸವಲ್ದು... ಅಕ್ಕಾ! ಗೇಟ್ ಎತ್ತಿದ್ರೂ ಗಾಡಿ ಬಿಡಬ್ಯಾಡ್ರಿ! ಬಿಡಬ್ಯಾಡ್ರಿ ಅಂದ್ನಿ! ಕೇಳತೈತಾ?... ಅಕ್ಕಾ! ಹಲೋ! ಹಲೋ!...

...

ಹಾಂ, ಈಗ ಕೇಳತೈತಿ. ಹೋತಾ ರೈಲು? ಎಲ್ಲಿದ್ದೀರಿ? ಗೇಟ್ ಎತ್ತಿದ್ರಾ?... ಎತ್ತಿಲ್ಲ. ಎದುರಿಂದ ಇನ್ನೊಂದು ಬರೂದೈತಿ ಅಂತಾ... ಬರಲಿ ಬರಲಿ. ಸಾವಕಾಶ ಬರಲಿ. ನೂರು ಡಬ್ಬಿ ಇರಲಿ ಅದಕ್ಕ...

ಮಾವ ಎಲ್ಲಿ?... ಮತ್ತ ಹತ್ತಿ ಕುಂತ್ರಾ! ಏನಂದ್ರು?... 'ಗೆರಿ ನೆಟ್ಟಗ ಐತಿ, ನಟ್ಟು ಬಿಗಿ ಐತಿ, ಇವನ ನಾಲಗಿ ಒಂದೇ ಸಡ್ಲ ಐತಿ' ಅಂದ್ರಾ... ಅನ್ನಲಿ. ಅದು ಖರೇನೇ. ಆದ್ರ ಅಕ್ಕಾ, ಆ ಗಾಲ್ಯಾಗ ಇರೂವು ಐದು ನಟ್ಟಲ್ಲ, ಹತ್ತು. ಹೊರಗ ಕಾಣೂ ಐದು ನಟ್ಟು ಗಾಲೀನ ಸ್ಪೇಸರಿಗೆ ಹಿಡದಾವ. ಆ ಸ್ಪೇಸರ್ ಗಾಡಿಗೆ ಹಿಡಕೊಂಡಿರೂದು ಒಳಗಿನ ಐದು ನಟ್ಟಿನ ಮ್ಯಾಲ. ಅವು ಗಾಲಿ ಹಿಂದ ಮುಚ್ಚಿ ಹೋಗತಾವ. ಗಾಲಿ ಬಿಚ್ಚೂ ತನಕ ಯಾರ ಕಣ್ಣಿಗೂ ಬೀಳೂದಿಲ್ಲ. ಮಾವ ಎಷ್ಟು ಪಾನಾ ಎಳದ್ರೂ ಹೊರಗಿನವು ಬಿಗೀನೇ ಇರತಾವ. ಒಳಗಿನವಕ್ಕ ಗೆರೀನೂ ಇಲ್ಲ, ಎಂಥಾದೂ ಇಲ್ಲ...

ಅವೂ ಬಿಗಿ ಇರಬೇಕಲ್ಲ ಅಂದ್ರ... ಇರಬೇಕು. ಇರಬೇಕು ಅಕ್ಕಾ. ಆದ್ರ ಅವನ್ನ ನಾ ಬಿಗದಿಲ್ಲ, ನನ್ನ ಕೈಕೆಳಗಿನಾಂವ ಬಿಗದಾನ. ಎಂಟು ಮಂದಿ ಅದಾರಲ್ಲ ನನ್ನ ಗ್ಯಾರೇಜಿನ್ಯಾಗ, ಅದರಾಗ ಒಬ್ಬಾಂವ... ಹೆಸರಾ?... ಹೆಸರು... ಗುರುಪುತ್ರಪ್ಪ. ಹಾಂ, ಗುರುಪುತ್ರಪ್ಪ ಅಂತ. ಭಾಳ ಮರವಿನ ಮನಶ್ಯಾ...

ಯಾವ ಗುರುಪುತ್ರಪ್ಪ ಅಂದ್ರ?... ಚಾದ ಅಂಗಡಿ ಗುರುಪುತ್ರಪ್ಪ ಅಲ್ಲ, ಅಂವ ಬ್ಯಾರೆ... ಹೂಂ, ನೀ ಬಂದಾಗೆಲ್ಲಾ ಶುಂಠಿ ಚಾ ತಂದು ಕೊಡಾಂವ... ಅಂವನೇ. ಅಂವ ಚಾ ಮಾರತಾನ ಅಕ್ಕಾ. ಪಾನಾ ಹಿಡಿಯೂದು ಹ್ಯಾಂಗ ಅಂತಾನೂ ಗೊತ್ತಿಲ್ಲ ಅವಗ. ಎಂಟು ಮಂದೀನೂ ಇಲ್ಲ. ಒಬ್ಬನೂ ಇಲ್ಲ. ನಾ ಒಬ್ಬನೇ ಇದ್ದೀನಿ ಈ ಶೆಡ್ಡಿನ್ಯಾಗ, ಆಯಿಲ್ ಡಬ್ಬಿ ಬೋರಲ ಹಾಕ್ಕೊಂಡು ಕುಂತೀನಿ...

ಹಂಗಾರ ಯಾವುದು ಖರೇ ಅಂತೀಯಾ?... ಅದನ್ನೇ ಹೇಳಾಕತ್ತೀನಿ, ತಡಿ. ಬಾಯಿಗೆ ಬರವಲ್ದು... ಮಾವಗ ಕೊಡು ಫೋನು... ನನ್ನ ಕೂಡ ಮಾತಾಡೂದಿಲ್ಲ ಅಂತಾರಾ... ಏನದು ಸಪ್ಪಳ? ಗಾಡಿ ಚಾಲೂ ಮಾಡಿದ್ರಾ?... ಯಾಕ? ಗೇಟ್ ಇನ್ನೂ ಬಿದ್ದೇ ಐತಿ ಅಲ್ಲೇನು?... ಮುಂದಿನ ಬಸ್ಸು ಸರೀತು ಅಂತ ನೀವೂ ಸರದ್ರಾ! ಆತಾ ಟಕ್ ಟಕ್?... ಹಿಂದಿನಕ್ಕಿಂತ ಜೋರಾತಾ?... ಬಂದ್ ಮಾಡಸು. ಅಕ್ಕಾ, ನಿನ್ನ ಕಾಲಿಗೆ ಬೀಳತೀನಿ, ಬಂದ್ ಮಾಡಿಸಿ ಕೀಲಿ ಕಿತ್ತು ನಿನ್ನ ಸೆರಗಿನ್ಯಾಗ ಕಟ್ಕೋ...

ನಾ ಈಗ ಖರೇ ಹೇಳಿದ್ರೂ ನೀ ನಂಬೂದಿಲ್ಲ, ಹೌದಿಲ್ಲೋ?... ನಿನ್ನ ಯಾವ ಮಾತು ನಂಬಲಿ ಅಂತೀ. ಹೂಂ. ಸಾಲಿಗೆ ಹೋಗೂ ದಾರ್ಯಾಗ ಹುಲಿ ಕಂಡೀನಿ ಅಂದ್ನಿ, ಅದರ ಬಾಲ ಹಿಡಕೊಂಡು ಸಾಲಿ ತನಕ ಹೋದ್ನಿ ಅಂದ್ನಿ. ಹಾಲಿನ ಗಾಡಿಗೆ ಇಮಾನದ ಇಂಜಿನ್ ಕುಂದರಿಸಿದ್ನಿ ಅಂದ್ನಿ. ನಾನೇ ಹಂಗ ಮಾಡಿಟ್ಟೀನಿ. ಆದ್ರ ಇದೊಂದು ಸಲ ಅಕ್ಕಾ, ಒಂದು ಸಲ...

ಯಾರು ಕಸಕೊಂಡ್ರು ಫೋನು?...

ಅವ್ವಾ... ಹೂಂ ಅವ್ವಾ. ಉಂಡೀನಿ... ಇಲ್ಲ, ಉಂಡಿಲ್ಲ. ಅದು ಇರಲಿ ಬಿಡು. ಅವ್ವಾ, ನೀ ಕೆಳಗ ಇಳಿ. ಮೊಣಕಾಲು ನೋವಾದ್ರೂ ಸರಿ, ಅಕ್ಕನ ಹೆಗಲು ಹಿಡಕೊಂಡು ಇಳಿ... ಯಾಕಂದ್ರ ಗಾಲಿ ಸಡ್ಲ ಐತಿ... ಖರೇ ಅವ್ವಾ. ನಿನ್ನ ಆಣಿ...

ಲಿಂಗಾ?...

ಈಗ ಅದ್ಯಾಕ ಅವ್ವಾ? ನಾ ಏನು ಸಣ್ಣ ಹುಡುಗನಾ... ಹೂಂ, ನೆನಪೈತಿ. ನಾ ಸುಳ್ಳು ಹೇಳೀನಿ ಅಂತ ಅನುಮಾನ ಬಂದಾಗೆಲ್ಲಾ, ಕೊರಳಾಗಿನ ಲಿಂಗ ಕೈಯಾಗ ಹಿಡದು ಹೇಳು ಅಂತಿದ್ದಿ. ಹಿಡದ್ನಿ ಅಂದ್ರ ಸುಳ್ಳು ಗಂಟಲದಾಗೇ ಸಿಕ್ಕು ಬೀಳತಿತ್ತು. ಬೆಲ್ಲದ ಡಬ್ಬಿ ಖಾಲಿ ಮಾಡಿದ್ದು, ಪಾಟಿ ಒಡದದ್ದು, ಎಲ್ಲಾ ಹಂಗೇ ಹೊರಗ ಬಂತು... ಆತು. ಹಿಡೀತೀನಿ. ತಡಿ...

...

ಅವ್ವಾ.

ಹಿಡದೀನಿ ಅಂತ ಅಂದುಬಿಟ್ರ ನಿನಗೇನು ಅಲ್ಲಿಂದ ಕಾಣತೈತಿ? ಹಂಗ ಅನ್ನಾಕ ಬಾಯೀನೂ ತೆಗದಿದ್ನಿ... ನನ್ನ ಕೊರಳಾಗ ಲಿಂಗ ಇಲ್ಲ ಅವ್ವಾ...

ಕಳದಿಲ್ಲ, ಅಳಬ್ಯಾಡ. ತಗದೀನಿ. ಗಾಡಿ ಕೆಳಗ ಮಲಗಿದಾಗ ಮೈ ಮ್ಯಾಲ ಎಣ್ಣಿ ಸೋರತೈತಿ ಅಂತ ತಗದು ಗ್ವಾಡಿ ಮೊಳಿಗೆ ಹಾಕತೀನಿ. ಮನಿಗೆ ಹೊಂಡೂ ಮುಂದ ಹಾಕ್ಕೊಳ್ಳೂದು. ಒಂದು ದಿನ ಮರತು ಹೋದ್ನಿ. ಮರುದಿನ ನೆನಪಾದ್ರೂ ಹಾಕ್ಕೊಳ್ಳಲಿಲ್ಲ. ಹಂಗೇ ರೂಢಿ ಆತು. ಅಲ್ಲೇ ತೂಗಾಕತ್ತೈತಿ, ನನ್ನ ಕಣ್ಣ ಮುಂದೇ ಐತಿ. ದಿನಾ ಜಳಕ ಮಾಡಿ ಪೂಜಾ ಮಾಡತೀನಿ ಅಂತ ನಿನಗ ಫೋನಿನ್ಯಾಗ ಹೇಳತಿದ್ನಲ್ಲ... ಅದೂ ಸುಳ್ಳು...

ಬೈ ಅವ್ವಾ. ಎಷ್ಟು ಬೇಕೋ ಅಷ್ಟು ಬೈ...

ಹೇಳತೀನಿ. ಎಲ್ಲಾ ಹೇಳತೀನಿ, ಕೇಳು. ಎಡಗಡೆ ಹಿಂದಿನ ಗಾಲಿ. ಅದರ ಒಳಗಿನ ಐದೂ ನಟ್ಟು ನಾ ಬೆರಳಿಲೇ ತಿರುಗಿಸಿ ಕುಂದರಿಸಿದ್ನಿ, ಅಷ್ಟೇ. ಪಾನಾ ಹಚ್ಚಲಿಲ್ಲ. ಪಾನಾ ಹಚ್ಚೂದರೊಳಗ ಗಾಲಿ ಏರಿಸಿಬಿಟ್ನಿ. ಹೊರಗಿನ ಐದು ಬಿಗದು, ಚಂದಾಗಿ ಗೆರಿ ಎಳದ್ನಿ. ಮಾವ ಗಾಡಿ ಒಯ್ದ ಮ್ಯಾಲ ಆ ರಾತ್ರಿ ಉಣ್ಣಾಕ ಕುಂತಾಗ ನೆನಪಾತು. ತುತ್ತು ಕೈಯಾಗೇ ಉಳೀತು... ಯಾಕ ಫೋನ್ ಮಾಡಲಿಲ್ಲ ಅಂದ್ರ, ಏನಂತ ಹೇಳಲಿ ಅವ್ವಾ? ಸ್ಪೇಸರ್ ಹಾಕಿದ ಗಾಡಿ ಸ್ವಲ್ಪ ಓಡಿದ ಮ್ಯಾಲ ವಾಪಸ್ ತರ್ರಿ, ಬಿಚ್ಚಿ ಮತ್ತೊಮ್ಮೆ ಬಿಗೀಬೇಕು ಅಂತ ಹೇಳೂದು ನಮ್ಮ ಕೆಲಸದ ಪದ್ಧತಿ. ನಾ ಮಾವಗ ಏನಂದಿದ್ನಿ ಗೊತ್ತೇನು? ಅಮರ ಬಿಗದ ನಟ್ಟು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚಾಕ ಬರೂದಿಲ್ಲ ಅಂದಿದ್ನಿ. ಹಂಗ ಅಂದಾಂವ ಹ್ಯಾಂಗ ತರ್ರಿ ಅನ್ನಲಿ... ಬಿಗದೀನಿ ಬಿಡು, ಬಿಗದಿರಬೇಕು ಬಿಡು, ಅಂತ ನನಗ ನಾನೇ ಹೇಳ್ಕೊಂಡ್ನಿ. ನಿಮಗ ಹೇಳಿದ ಸುಳ್ಳು ಸಾಕಾಗಲಿಲ್ಲ ಅಂತ...

ಅವ್ವಾ?... ಹೂಂ ಅನ್ನು... ಇಳೀತೀಯಾ?...

ಅಕ್ಕಾ, ನೀನಾ? ಅವ್ವ ಇಳದ್ಲಾ?... ಹೆಣ್ಮಕ್ಕಳನ್ನೂ ಇಳಸು, ಲಗೂ... ಅವ್ವ ಎಲ್ಲಿ ನಿಂತಾಳ?... ಗಾಡಿ ಮುಂದ? ಬಾನೆಟ್ ಮ್ಯಾಲ ಕೈ ಊರಿ?... ಬಂತಾ ಎರಡನೇ ರೈಲು? ಹಾಂ, ಸಪ್ಪಳ ಬರಾಕತ್ತೈತಿ... ಅವ್ವನ ಕೈ ಬಿಡಬ್ಯಾಡ, ಬಿಡಬ್ಯಾಡ...

...

ಎತ್ತಿದ್ರಾ ಗೇಟ್!... ಹಾರ್ನ್ ಕೇಳಾಕತ್ತೈತಿ, ಊರಿಗೆ ಊರೇ ಹೊಡ್ಯಾಕತ್ತೈತಿ ಹಿಂದ... ಮಾವ ಏನಂತಾರ? 'ಇವನ ಮಾತು ಕೇಳಿ ಕುಬಸದ ಮನಿಯವರ ಮುಂದ ಮಾರಿ ಕೆಡಿಸಿಕೊಳ್ಳಲಾ' ಅಂತಾರಾ... ಅವ್ವ? ಅವ್ವ ಏನಂದ್ಲು?...

'ನನ್ನ ಮಗ ಇಷ್ಟು ಸಣ್ಣ ಸುಳ್ಳು ಎಂದೂ ಹೇಳಿಲ್ಲ. ಇದು ಖರೇನೇ ಇರಬೇಕು.'

ಹಂಗಂದ್ಲಾ...

ಮಾವ ಇಳದ್ರಾ?... ಇಂಜಿನ್ ಬ್ಯಾಡ, ಕೈಲೇ ನೂಕಿ ಬಾಜೂಕ ಹಚ್ರಿ. ಮುಂದಿನ ಗಾಲಿಗೆ ಕಲ್ಲು ಕೊಡ್ರಿ. ಪಾತೇಲಿ ಎಲ್ಲಾ ಇಳಸ್ರಿ ಮೊದಲ, ಆಮ್ಯಾಲ ಜಾಕ್... ಯಾರು ಬಂದಾರ?... ಹಿಂದ ಹಾರ್ನ್ ಹೊಡದ ಟೆಂಪೋದವರೇ? ಊಟ ಬೆಳಗಾವಿಗೆ ಮುಟ್ಟಸತೀವಿ ಅಂದ್ರಾ! ಚಲೋ ಮಂದಿ. ಆ ಇಬ್ಬರು ಹೆಣ್ಮಕ್ಕಳು ಊಟದ ಸಂಗಾಟ ಹೋಗಲಿ. ಸಾವಂತ್ರವ್ವನ್ನ ಇಟ್ಕೋ, ಫೋನ್ ಅಕೀದಲ್ಲ. ಇಡಬ್ಯಾಡ ಅಕ್ಕಾ, ಫೋನ್ ಇಡಬ್ಯಾಡ. ನನಗ ಅಷ್ಟು ಕೇಳಸಲಿ...

ಜಾಕ್ ಏರಿತಾ?... ಗಾಲಿ ಬಂತಾ ಹೊರಗ?...



ಹೇಳು ಅಕ್ಕಾ. ಏನೈತಿ ಅದನ್ನೇ ಹೇಳು, ನಾ ತಡಕೋತೀನಿ...

ಮೂರೇ ಅದಾವಾ. ಎರಡು ಪೂರ್ತಿ ಕಳಚಿ ಗಾಲಿಯೊಳಗೇ ಬಿದ್ದಿದ್ವು... ಟಕ್ ಟಕ್ ಅಂದದ್ದು ಅವೇ ಅಕ್ಕಾ. ನಾ ಅದನ್ನ ಹಾಡು ಅಂದ್ನಿ... ಉಳದ ಮೂರೂ?... ಮಾವನ ಬೆರಳಿಗೇ ತಿರುಗಾಕತ್ತಾವ...

ಮಾವ ಬೈಯಾಕತ್ತಾರೇನು?... ಇಲ್ಲಾ? ನಟ್ಟು ಕೈಯಾಗ ಹಿಡಕೊಂಡು ರಸ್ತೇ ಮ್ಯಾಲ ಕುಂತಾರಾ... ಏನು ಕೇಳಂದ್ರು?... ಒಳಗಿನ ನಟ್ಟು ಬಿಗಿಯೂ ಹೊತ್ತಿನ್ಯಾಗ ನಾ ಏನು ಮಾಡತಿದ್ನಿ ಅಂತಾ...

ಅವರಿಗೆ ಗೊತ್ತೈತಿ ಅಕ್ಕಾ. ಅವರೂ ಅಲ್ಲೇ ಇದ್ರಲ್ಲ, ನನ್ನ ಬಾಜೂಕ, ಗುರುಪುತ್ರಪ್ಪನ ಚಾ ಹಿಡಕೊಂಡು. ಚಂದ್ರನ ಗಾಡಿ ಕತಿ ಹೇಳತಿದ್ನಿ. ಅವರಿಗೇ. ಪಾನಾ ಕೈಯಾಗ ಹಿಡದು, ಚಂದ್ರನ ಮ್ಯಾಲ ಗಾಲಿ ಹ್ಯಾಂಗ ಹೊಳ್ಳತೈತಿ ಅಂತ ಕುಣಿದು ತೋರಸತಿದ್ನಿ. ನಿಮ್ಮ ಲಗ್ನ ಆಗಿ ಇಷ್ಟು ವರ್ಷ ಆತು, ಮಾವ ನನ್ನ ಮಾತಿಗೆ ಒಂದು ದಿನಾನೂ ನಕ್ಕಿರಲಿಲ್ಲ. ಅವತ್ತು ನಕ್ರು. ಚಾ ಅಂಗಿ ಮ್ಯಾಲ ಚೆಲ್ಲಿಕೊಂಡು ನಕ್ರು. ಕತಿ ತುಂಡಾದ್ರ ನಗು ನಿಂತುಬಿಡತೈತಿ ಅಂತ, ಪಾನಾ ಕೆಳಗಿಟ್ಟು, ಮಾತಾಡತನೇ ಗಾಲಿ ಎತ್ತಿ ಹಚ್ಚಿಬಿಟ್ನಿ...

ಹೊಂಟ್ನಿ ಈಗ. ಹೊಸಾ ನಟ್ಟು ತರತೀನಿ. ಟಾರ್ಕ್ ಪಾನಾ ಬಾಜೂ ಗ್ಯಾರೇಜಿನ ಶ್ರೇಣಿಕನ ಕಡೆ ಕೇಳಿ ತರತೀನಿ, ಬಿಗಿ ಸಾಕಾತು ಅಂದ್ರ ಕಟ್ ಅಂತೈತಲ್ಲ, ಅದು. ನನ್ನ ಗ್ವಾಡಿ ಮ್ಯಾಲಿಂದು ಕೆಟ್ಟು ಭಾಳ ದಿನ ಆತು, ಗಿರಾಕಿ ನೋಡಲಿ ಅಂತ ತೂಗಹಾಕೀನಿ. ನಾಕೂ ಗಾಲಿ ಬಿಚ್ಚತೀನಿ ಅಕ್ಕಾ, ಮಾವನ ಕಣ್ಣ ಮುಂದೇ ಬಿಗೀತೀನಿ. ಅಲ್ಲಿ ತನಕ ಯಾರೂ ಗಾಡಿ ಹತ್ತಬ್ಯಾಡ್ರಿ. ಹತ್ತೇ ನಿಮಿಷದಾಗ ಬಂದ್ನಿ ನೋಡು...

ಇಲ್ಲ. ಹತ್ತು ನಿಮಿಷದಾಗ ಹ್ಯಾಂಗ ಬರಲಿ. ಒಂದು ತಾಸು ಬೇಕು. ಹೆಚ್ಚೂ ಆದೀತು, ನನ್ನ ಬೈಕ್ ದಾರ್ಯಾಗ ಎರಡು ಸಲ ಬಂದ್ ಬೀಳತೈತಿ...

ಏನದು ಟೊಂಯ್ ಅಂದದ್ದು?... ಚಾರ್ಜ್ ಮುಗಿಯಾಕ ಬಂತಾ. ಅವ್ವಗ ಕೊಡು, ಲಗೂ ಕೊಡು...

ಅವ್ವಾ?... ಹೂಂ, ಹಾಕ್ಕೊಂಡೇ ಬರತೀನಿ. ಮೊಳಿ ಮ್ಯಾಲಿಂದ ತಗದ್ನಿ, ಈಗ ಕೈಯಾಗೇ ಐತಿ. ಖರೇನೇ ಐತಿ ಅವ್ವಾ... ಹಿಡದು ಏನು ಹೇಳಲಿ?... ಚಂದ್ರನ ಗಾಡೀದಾ?...

ಅವ್ವಾ, ಆ ಗಾಡಿ ನಾ ನೋಡಿದ್ದು ಗುರುಪುತ್ರಪ್ಪನ ಚಾದ ಅಂಗಡಿ ಟೀವ್ಯಾಗ. ಅದೂ ಪೂರ್ತಿ ನೋಡಲಿಲ್ಲ, ಇಳಿಯೂ ಹೊತ್ತಿಗೆ ಸರಿಯಾಗಿ ಕರೆಂಟ್ ಹೋತು. ಅದಕ್ಕ ಗಾಲಿ ಆರು ಅದಾವೋ ನಾಕು ಅದಾವೋ, ಅದೂ ನನಗ ಗೊತ್ತಿ... ಹಲೋ?... ಅವ್ವಾ?... ಹಲೋ...